ಗಿಡ್ಡ ಹಲಗೆ, ದೊಡ್ಡ ತ್ರಿಜ್ಯ: ನಾಲ್ಕು ಸ್ನೋಬೋರ್ಡುಗಳ ಹೋಲಿಕೆ

ಎರಡೂ ಪಾದಗಳನ್ನು ಅಡ್ಡಕ್ಕೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಹಲಗೆಯೇ ಸ್ನೋಬೋರ್ಡ್. ಅದನ್ನು ಮಾರುವ ಅಂಗಡಿಗಳಲ್ಲಿ ಒಂದು ಪಟ್ಟಿ ತೂಗುತ್ತಿರುತ್ತದೆ: ಇಷ್ಟು ಕಿಲೋ ತೂಕದವರಿಗೆ ಇಷ್ಟು ಸೆಂಟಿಮೀಟರ್ ಹಲಗೆ. ನನ್ನ 68 ಕಿಲೋಗೆ ಅದು 154ರಿಂದ 158 ಎನ್ನುತ್ತದೆ. ಒಪ್ಪಿದೆ. ಆದರೆ ಒಂದೇ ಉದ್ದದ ಎರಡು ಹಲಗೆಗಳು ಹಿಮದ ಮೇಲೆ ಪರಸ್ಪರ ಪರಿಚಯವೇ ಇಲ್ಲದಂತೆ ವರ್ತಿಸುವುದೇಕೆ ಎಂಬುದನ್ನು ಆ ಪಟ್ಟಿ ಹೇಳುವುದಿಲ್ಲ. ಅದಕ್ಕೆ ಹಲಗೆಯ ಸೊಂಟವನ್ನು, ಅಂದರೆ ನಡುವಿನ ಕಿರಿದಾದ ಭಾಗವನ್ನು, ನೋಡಬೇಕು.

ಸ್ನೋಬೋರ್ಡಿನ ಬದಿಗಳು ನೇರವಾಗಿರುವುದಿಲ್ಲ, ನಡುವಿನಲ್ಲಿ ಒಳಕ್ಕೆ ಬಾಗಿರುತ್ತವೆ. ಇದೇ ಸೈಡ್‌ಕಟ್. ಈ ಬಾಗನ್ನು ಮುಂದುವರಿಸಿ ಪೂರ್ಣ ವೃತ್ತ ಬರೆದರೆ ಸಿಗುವ ತ್ರಿಜ್ಯ ಸಾಮಾನ್ಯ ಹಲಗೆಗಳಲ್ಲಿ 7ರಿಂದ 8 ಮೀಟರ್. ಗಿಡ್ಡ ಹಲಗೆಗೆ ಸಣ್ಣ ತ್ರಿಜ್ಯ, ಉದ್ದದ ಹಲಗೆಗೆ ದೊಡ್ಡ ತ್ರಿಜ್ಯ ಎಂಬುದು ತಯಾರಕರ ರೂಢಿ. ರೂಢಿ ಬಿಟ್ಟು ಗಿಡ್ಡ ಹಲಗೆಗೇ ಹತ್ತು ಮೀಟರಿಗೂ ಮಿಕ್ಕಿದ ತ್ರಿಜ್ಯ ಕೊಟ್ಟರೆ ಹೇಗಿರುತ್ತದೆ ಎಂಬ ಕುತೂಹಲ ನನ್ನದು.

ಕಾಸರಗೋಡಿನವನಿಗೆ ಹಿಮದ ಹಲಗೆ ಏಕೆ ಎಂದು ಬದಿಯಡ್ಕದಿಂದ ಕುಂಬಳೆಯವರೆಗೆ ಕೇಳದವರಿಲ್ಲ. ಕೇಳುವವರ ಮನೆಯಲ್ಲಿಯೂ ಒಬ್ಬರಾದರೂ ಗಲ್ಫಿನಲ್ಲಿರುತ್ತಾರೆ, ಅಲ್ಲಿಯೇ ಉತ್ತರವೂ ಇದೆ. ದುಬೈಯ ಮಾಲ್ ಆಫ್ ದಿ ಎಮಿರೇಟ್ಸ್‌ನಲ್ಲಿ 2005ರಲ್ಲಿ ಆರಂಭವಾದ ಸ್ಕೀ ದುಬೈಯಲ್ಲಿ 85 ಮೀಟರ್ ಎತ್ತರದ ಒಳಾಂಗಣ ಗುಡ್ಡವಿದೆ, ಐದು ಇಳಿಜಾರುಗಳಿವೆ, ಅತಿ ಉದ್ದದ್ದು 400 ಮೀಟರ್. ಹೊರಗೆ ಮರಳುಗಾಡಿನ ಬಿಸಿಲು, ಒಳಗೆ ಸೊನ್ನೆಗಿಂತ ಕೆಳಗಿನ ಚಳಿ. ಕೆಲಸಕ್ಕೆಂದು ಹೋದ ನಾನೂ ಉಪ್ಪಳ, ಮಂಜೇಶ್ವರ ಕಡೆಯ ಕೆಲವು ಗೆಳೆಯರೂ ಕಲಿತದ್ದು ಅಲ್ಲಿಯೇ. ಊರಿಗೆ ಮರಳಿದ ಮೇಲೆ ಚಳಿಗಾಲದಲ್ಲಿ ಕಾಶ್ಮೀರದ ಗುಲ್ಮಾರ್ಗ್ ಸೇರಿಕೊಂಡಿತು. ಹಲಗೆಗಳನ್ನು ನಾವು ಪರಸ್ಪರ ಬದಲಾಯಿಸಿಕೊಳ್ಳುತ್ತೇವೆ. ಈ ಹೋಲಿಕೆ ಸಾಧ್ಯವಾದದ್ದು ಆ ಕೊಡುಕೊಳ್ಳುವಿಕೆಯಿಂದ. ಯಾವುದರ ತಯಾರಕರನ್ನೂ ಇಲ್ಲಿ ಹೆಸರಿಸುವುದಿಲ್ಲ. ಬ್ರ್ಯಾಂಡಿಗಿಂತ ಅಳತೆಯೇ ಹೆಚ್ಚು ಹೇಳುತ್ತದೆ ಎಂಬುದು ನನ್ನ ವಾದ.

ಅಳತೆ ತೆಗೆಯಲು ಒಂದು ದಾರ, ಒಂದು ಸ್ಕೇಲು ಸಾಕು. ಹಲಗೆಯ ಒಂದು ಬದಿಯಲ್ಲಿ, ಮುಂಭಾಗ ಹಿಂಭಾಗಗಳ ಅತಿ ಅಗಲದ ಬಿಂದುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆಯಿರಿ. ಸೊಂಟದಲ್ಲಿ ದಾರಕ್ಕೂ ಅಂಚಿಗೂ ನಡುವೆ ಎಷ್ಟು ಅಂತರವಿದೆ ನೋಡಿ. ದಾರದ ಉದ್ದದ ವರ್ಗವನ್ನು ಆ ಅಂತರದ ಎಂಟು ಪಟ್ಟಿನಿಂದ ಭಾಗಿಸಿದರೆ ತ್ರಿಜ್ಯ ಸಿಗುತ್ತದೆ. ನಾನು ಮುಖ್ಯವಾಗಿ ಹೋಲಿಸಿದ ಎರಡು ಹಲಗೆಗಳಲ್ಲಿಯೂ ದಾರ 118 ಸೆಂಟಿಮೀಟರ್. ಒಂದರಲ್ಲಿ ಅಂತರ 23 ಮಿಲಿಮೀಟರ್, ಅಂದರೆ ತ್ರಿಜ್ಯ ಸುಮಾರು 7.5 ಮೀಟರ್. ಇನ್ನೊಂದರಲ್ಲಿ 16.5 ಮಿಲಿಮೀಟರ್, ತ್ರಿಜ್ಯ 10.5 ಮೀಟರ್. ಇಷ್ಟೊಂದು ಗದ್ದಲವೆಲ್ಲ ಆರೂವರೆ ಮಿಲಿಮೀಟರಿಗಾಗಿ. ಹಳೆಯ ಹಲಗೆ ಕೊಳ್ಳುವವರಿಗೆ ಈ ಲೆಕ್ಕ ಬಹಳ ಉಪಯುಕ್ತ, ಏಕೆಂದರೆ ಮಾರುವವರಿಗೆ ಹಲಗೆಯ ಬಣ್ಣ ನೆನಪಿರುತ್ತದೆ, ತ್ರಿಜ್ಯ ನೆನಪಿರುವುದಿಲ್ಲ.

ಈ ಅಂತರ ಹಿಮದ ಮೇಲೆ ಏನು ಮಾಡುತ್ತದೆ? ಕಾರ್ವಿಂಗ್ ಎಂದರೆ ಹಲಗೆಯನ್ನು ಅಡ್ಡ ಜಾರಿಸದೆ, ಅಂಚಿನ ಮೇಲೆಯೇ ನಿಲ್ಲಿಸಿ, ಹಿಮದಲ್ಲಿ ಒಂದು ತೆಳು ಗೆರೆ ಕೊರೆಯುತ್ತ ತಿರುಗುವುದು. ಹಲಗೆಯನ್ನು ಹೆಚ್ಚು ವಾಲಿಸಿದಷ್ಟೂ ಅದು ಬಾಗುತ್ತದೆ, ತಿರುವು ಕಿರಿದಾಗುತ್ತದೆ. ಗಟ್ಟಿ ಹಿಮದಲ್ಲಿ, 45 ಡಿಗ್ರಿ ವಾಲಿಸಿದಾಗ, 7.5 ಮೀಟರಿನ ಹಲಗೆ ಸುಮಾರು 5.3 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತದೆ, 10.5 ಮೀಟರಿನದು 7.4ರಲ್ಲಿ. ತಿರುವುಗಳನ್ನು ಅರ್ಧವೃತ್ತಗಳಾಗಿ ಜೋಡಿಸುತ್ತ ಹೋದರೆ 400 ಮೀಟರಿನ ಇಳಿಜಾರಿನಲ್ಲಿ ಮೊದಲನೆಯದಕ್ಕೆ 37 ತಿರುವು, ಎರಡನೆಯದಕ್ಕೆ 27. ಅಡ್ಡಕ್ಕೆ ಬೇಕಾಗುವ ಜಾಗ ಒಂದಕ್ಕೆ ಹತ್ತೂವರೆ ಮೀಟರ್, ಇನ್ನೊಂದಕ್ಕೆ ಹದಿನೈದರ ಹತ್ತಿರ. ಶುಕ್ರವಾರ ಸಂಜೆ ಸ್ಕೀ ದುಬೈಯಲ್ಲಿ ಹದಿನೈದು ಮೀಟರ್ ಖಾಲಿ ಜಾಗ ಕೇಳುವವನನ್ನು ಜನ ವಿಚಿತ್ರವಾಗಿ ನೋಡುತ್ತಾರೆ.

ಇಲ್ಲಿಯವರೆಗೆ ಸಣ್ಣ ತ್ರಿಜ್ಯವೇ ಗೆದ್ದಂತೆ ಕಾಣುತ್ತದೆ. ವೇಗ ಸೇರಿದಾಗ ಚಿತ್ರ ಬದಲಾಗುತ್ತದೆ. ಸಮತಟ್ಟಾದ ಹಿಮದಲ್ಲಿ ಪ್ರತಿ ತ್ರಿಜ್ಯಕ್ಕೂ ಒಂದು ಮಿತಿವೇಗವಿದೆ. ಅದನ್ನು ದಾಟಿದರೆ ಸವಾರನು ಎಷ್ಟು ವಾಲಿದರೂ ಅಂಚಿನ ಮೇಲೆ ಸಮತೋಲನ ಸಿಗುವುದಿಲ್ಲ, ಹಲಗೆ ಜಾರಲೇಬೇಕು. ತ್ರಿಜ್ಯವನ್ನು ಗುರುತ್ವದ 9.8ರಿಂದ ಗುಣಿಸಿ ವರ್ಗಮೂಲ ತೆಗೆದರೆ ಅದು ಸೆಕೆಂಡಿಗೆ ಮೀಟರಿನಲ್ಲಿ ಬರುತ್ತದೆ. 7.5ಕ್ಕೆ ಗಂಟೆಗೆ ಸುಮಾರು 31 ಕಿಲೋಮೀಟರ್, 10.5ಕ್ಕೆ 36.5. ಇಳಿಜಾರಿನಲ್ಲಿ ತಿರುವಿನ ಕೊನೆಗೆ ಗುರುತ್ವವೂ ಕೆಳಗೆಳೆಯುವುದರಿಂದ ಮಿತಿ ಅಲ್ಲಿ ಇನ್ನೂ ಬೇಗ ಎದುರಾಗುತ್ತದೆ. ಗುಲ್ಮಾರ್ಗ್‌ನ ಹದವಾದ ಇಳಿಜಾರಿನಲ್ಲಿಯೂ ಮೂವತ್ತರ ವೇಗ ದೊಡ್ಡ ಸಾಹಸವೇನೂ ಅಲ್ಲ.

ಒಂದನೆಯ ಹಲಗೆ 156 ಸೆಂಟಿಮೀಟರ್, ಸೊಂಟ 25.2, ಮೃದು, ಎರಡೂ ತುದಿ ಒಂದೇ ಆಕಾರ. ತ್ರಿಜ್ಯ 7.5. ಬಾಡಿಗೆಗೆ ಸಿಗುವ ಹಲಗೆಗಳ ಕುಲ, ಆದರೆ ಅವುಗಳಿಗಿಂತ ಚೆನ್ನಾಗಿ ಮಾಡಿದ್ದು. ನಿಧಾನದಲ್ಲಿ ಇದರ ಸೌಜನ್ಯಕ್ಕೆ ಸಾಟಿಯಿಲ್ಲ. ಸ್ವಲ್ಪ ವಾಲಿಸಿದರೆ ಸಾಕು, ಪೇಟೆಯ ಇಕ್ಕಟ್ಟಿನಲ್ಲಿ ಆಟೊ ತಿರುಗಿಸಿದ ಹಾಗೆ ಗಕ್ಕನೆ ತಿರುಗುತ್ತದೆ. ವೇಗ ಏರಿದಂತೆ ಅದೇ ಗುಣ ಕಾಟವಾಗುತ್ತದೆ. ನಾನು ಕೇಳುವ ಮೊದಲೇ ತಿರುವು ಶುರು, ನಾನು ಸಿದ್ಧನಾಗುವ ಮೊದಲೇ ಮುಗಿತಾಯ. ತಿರುವಿನ ಕೊನೆಯಲ್ಲಿ ಹಿಂಭಾಗ ಕಂಪಿಸುತ್ತ ಕಿತ್ತುಬರುತ್ತದೆ. ಹಿಮ ಉಬ್ಬುತಗ್ಗಾಗಿದ್ದರೆ ಮೂತಿ ಎಲ್ಲೆಂದರಲ್ಲಿ ಕಚ್ಚಿಕೊಳ್ಳುತ್ತದೆ. ಇದಕ್ಕೆ ಮೃದುತನವೂ ಕಾರಣ, ತ್ರಿಜ್ಯವೊಂದನ್ನೇ ದೂರುವುದು ನ್ಯಾಯವಲ್ಲ.

ಎರಡನೆಯದು 157, ಸೊಂಟ 26.8, ತ್ರಿಜ್ಯ 10.5. ಮುಂಭಾಗ ಅಗಲ, ಹಿಂಭಾಗ ತುಸು ಕಿರಿದು, ಕಾಲಡಿಯಲ್ಲಿ ಸಾಂಪ್ರದಾಯಿಕ ಕ್ಯಾಂಬರ್ (ಕಮಾನಿನಂತೆ ಮೇಲಕ್ಕೆ ಬಾಗಿದ ಆಕಾರ), ತಿರುಚಿದರೆ ಜಗ್ಗದ ಗಟ್ಟಿ ಮೈ. ಮೊದಲ ಇಳಿತದಲ್ಲಿ ಇದು ಯಾರನ್ನೂ ಓಲೈಸುವುದಿಲ್ಲ. ಒಂದನೆಯದಕ್ಕೆ ಒಗ್ಗಿದ ಕಾಲು ಅಷ್ಟೇ ವಾಲಿಸಿ ಕಾದರೆ ಹಲಗೆ ನೇರ ಹೋಗುತ್ತಲೇ ಇರುತ್ತದೆ. ಇದಕ್ಕೆ ಇನ್ನಷ್ಟು ವಾಲಬೇಕು, ಮೊಣಕಾಲು ಮಡಚಬೇಕು, ತಿರುವಿನ ಆರಂಭದಲ್ಲಿಯೇ ಅಂಚಿಗೆ ಭಾರ ಕೊಡಬೇಕು. ಕೊಟ್ಟ ಮೇಲೆ ತಿರುವಿನ ಅಳತೆ ಸವಾರನ ಕೈಯಲ್ಲಿಯೇ. ಕಡಿಮೆ ವಾಲಿಸಿದರೆ ವಿಶಾಲ ಬಾಗು, ಹೆಚ್ಚು ವಾಲಿಸಿದರೆ ಕಿರಿದು. 60 ಡಿಗ್ರಿಗೆ ಹೋದರೆ ಇದೂ ಐದು ಮೀಟರ್ ಚಿಲ್ಲರೆಯಲ್ಲಿ ತಿರುಗುತ್ತದೆ, ಅಂದರೆ ಒಂದನೆಯದು 45 ಡಿಗ್ರಿಯಲ್ಲಿ ಮಾಡುವ ಕೆಲಸವನ್ನೇ ಮಾಡುತ್ತದೆ. ದೊಡ್ಡ ತ್ರಿಜ್ಯದ ಹಲಗೆಯಿಂದ ಸಣ್ಣ ತಿರುವು ಪಡೆಯಬಹುದು. ಸಣ್ಣ ತ್ರಿಜ್ಯದ್ದರಿಂದ ದೊಡ್ಡ ತಿರುವನ್ನು ಕೊರೆಯಬೇಕೆಂದರೆ ಅದು ಪ್ರತಿ ಕ್ಷಣವೂ ಒಳಕ್ಕೆ ಎಳೆಯುತ್ತದೆ. ನನ್ನ ಆಯ್ಕೆ ನಿಂತದ್ದು ಈ ಒಂದು ವ್ಯತ್ಯಾಸದ ಮೇಲೆ.

ಜಾರಿಸುವುದರಲ್ಲಿ ಎರಡನೆಯದೇ ಹೆಚ್ಚು ಸಭ್ಯ ಎಂಬುದು ನಾನು ನಿರೀಕ್ಷಿಸದ ವಿಷಯ. ಅಂಚು ನೇರಕ್ಕೆ ಹತ್ತಿರ ಇರುವುದರಿಂದ ಅಡ್ಡ ಜಾರುವಾಗ ಮುಂದಿನ ಹಿಂದಿನ ಮೂಲೆಗಳು ಹಿಮವನ್ನು ಕೊಕ್ಕೆಯಂತೆ ಹಿಡಿಯುವುದಿಲ್ಲ. ಜನಸಂದಣಿಯಲ್ಲಿ ತಟ್ಟನೆ ವೇಗ ಕಳೆಯಬೇಕಾದಾಗ ಇದು ದೊಡ್ಡ ನೆಮ್ಮದಿ. ಹದಿನೈದು ಮೀಟರ್ ಸಿಗದ ಶುಕ್ರವಾರ ಸಂಜೆಗಳಲ್ಲಿ ಅರ್ಧ ಜಾರಿಸಿ, ಅರ್ಧ ಕೊರೆದು ಇಳಿಯುತ್ತೇನೆ. ಬೆಳಗಿನ ಮೊದಲ ಗಂಟೆಯಲ್ಲಿ, ಹಿಮ ಇನ್ನೂ ನುಣುಪಾಗಿರುವಾಗ, ಸಾಲ ತೀರಿಸಿಕೊಳ್ಳುತ್ತೇನೆ.

ಸೊಂಟದ ಅಗಲದ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಗಿಡ್ಡ ಕಾರ್ವಿಂಗ್ ಹಲಗೆ ಕೊಳ್ಳುವವರು ಎಡವುವುದು ಇಲ್ಲಿ. ಹೆಚ್ಚು ವಾಲಿಸಬೇಕೆಂದರೆ ಬೂಟಿನ ತುದಿ, ಹಿಮ್ಮಡಿ ಹಿಮಕ್ಕೆ ತಾಗಬಾರದು. ತಾಗಿದರೆ ಅಂಚು ಮೇಲೆದ್ದು ಸವಾರ ಮಲಗುತ್ತಾನೆ. 30 ಸೆಂಟಿಮೀಟರ್ ಉದ್ದದ ಬೂಟನ್ನು 15 ಡಿಗ್ರಿ ಕೋನದಲ್ಲಿ ಕಟ್ಟಿದರೆ ಅದು ಹಲಗೆಯ ಅಡ್ಡಕ್ಕೆ 29 ಸೆಂಟಿಮೀಟರ್ ಆಕ್ರಮಿಸುತ್ತದೆ, 30 ಡಿಗ್ರಿಯಲ್ಲಿ ಕಟ್ಟಿದರೆ 26. ಹಾಗಾಗಿ ಎರಡು ದಾರಿ: ಹಲಗೆಯನ್ನು ಅಗಲ ಮಾಡು, ಇಲ್ಲವೇ ಎರಡೂ ಪಾದಗಳನ್ನು ಮುಂದಕ್ಕೆ ತಿರುಗಿಸು. ನಾನು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುತ್ತೇನೆ, ಮುಂದಿನ ಪಾದ 30, ಹಿಂದಿನದು 15. ಒಂದನೆಯ ಹಲಗೆಯಲ್ಲಿ ಇದೇ ಕೋನದಲ್ಲಿಯೂ ಹಿಂದಿನ ಹಿಮ್ಮಡಿ ತಾಗುತ್ತಿತ್ತು. ಅಗಲಕ್ಕೆ ತೆರಬೇಕಾದ ಬೆಲೆಯೂ ಇದೆ: ಒಂದು ಅಂಚಿನಿಂದ ಇನ್ನೊಂದಕ್ಕೆ ದಾಟುವುದು ನಿಧಾನ. ಉಪ್ಪಳದ ಗೆಳೆಯನ ಪಾದ ಚಿಕ್ಕದು. ಅವನಿಗೆ 26.8ರ ಹಲಗೆ ಸೋಮಾರಿಯಂತೆ ಅನ್ನಿಸಿತು. ಅದು ನಿಜ. ಅವನಿಗೆ 25.5 ಸಾಕು.

ಮೂರನೆಯದು ಸ್ಲಾಲಮ್, ಅಂದರೆ ನೆಟ್ಟ ಗುರುತುಗಳನ್ನು ಸುತ್ತುತ್ತ ಇಳಿಯುವ ಸ್ಪರ್ಧೆಗೆಂದು ಮಾಡಿದ ಹಲಗೆ: 163 ಉದ್ದ, ಸೊಂಟ ಬರೀ 20, ಗಟ್ಟಿ ಪ್ಲಾಸ್ಟಿಕ್ ಬೂಟು, ಪಾದಗಳು 60 ಡಿಗ್ರಿಯ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಮುಂದಕ್ಕೇ. ಒಲಿಂಪಿಕ್ಸ್‌ನಲ್ಲಿ ಜೆಕ್ ಆಟಗಾರ್ತಿ ಎಸ್ತರ್ ಲೆಡೆಟ್ಸ್ಕಾ 2018ರಲ್ಲಿಯೂ 2022ರಲ್ಲಿಯೂ ಚಿನ್ನ ಗೆದ್ದ ಸಮಾನಾಂತರ ಜೈಂಟ್ ಸ್ಲಾಲಮ್‌ನ ಹಲಗೆಗಳು ಇದೇ ವಂಶದವು, ಇನ್ನೂ ಉದ್ದದವು. ಗಟ್ಟಿ ಹಿಮವನ್ನು ಇದು ಹಿಡಿಯುವ ರೀತಿಯ ಮುಂದೆ ಉಳಿದ ಮೂರೂ ಆಟಿಕೆಗಳು. ಅಂಚು ಬದಲಾಯಿಸುವುದು ಯೋಚಿಸಿದಷ್ಟೇ ಬೇಗ. ಆದರೆ ಗುಲ್ಮಾರ್ಗ್‌ನ ಹೊಸ ಹಿಮದಲ್ಲಿ ಮೂತಿ ಮುಳುಗುತ್ತದೆ, ಮುಳುಗಿದ ಮೇಲೆ ಅಗೆದು ತೆಗೆಯುವುದಷ್ಟೇ ಉಳಿಯುತ್ತದೆ. ಆ ಬೂಟಿನಲ್ಲಿ ನಡೆಯುವುದು ಒಂದು ಶಿಕ್ಷೆ. ಎಲ್ಲದಕ್ಕೂ ಒಗ್ಗುವ ಒಂದೇ ಹಲಗೆ ಬೇಕೆನ್ನುವವರಿಗೆ ಇದು ಅಲ್ಲವೇ ಅಲ್ಲ.

ನಾಲ್ಕನೆಯದು 168 ಸೆಂಟಿಮೀಟರಿನದು, ತ್ರಿಜ್ಯ ಎರಡನೆಯದರಷ್ಟೇ. ಅಂಚು ಉದ್ದವಾದ್ದರಿಂದ ಹಿಡಿತ ಹೆಚ್ಚು, ಉಬ್ಬುಗಳ ಮೇಲೆ ಶಾಂತ. ವೇಗವಾಗಿ ನೇರ ಇಳಿಯುವವರು ಇದನ್ನೇ ಕೊಳ್ಳಲಿ. ಮರಗಳ ನಡುವೆ ತಿರುಗಿಸಲು ಮಾತ್ರ ಸವಾರನ ಸೊಂಟ ನೋಯುತ್ತದೆ, ಚೇರ್‌ಲಿಫ್ಟಿನಲ್ಲಿ ಒಂದೇ ಕಾಲಿನಿಂದ ತೂಗುವಾಗ ಪ್ರತಿ ಸೆಂಟಿಮೀಟರೂ ತನ್ನ ತೂಕ ಹೇಳುತ್ತದೆ. ಜೊತೆಗೆ ಸಾಗಾಟ. ಕಾಸರಗೋಡಿನಿಂದ ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ ಹೊರಟರೆ ಸ್ಲೀಪರ್ ಬೋಗಿಯ ಆಸನದ ಕೆಳಗೆ 157 ಓರೆಯಾಗಿ ತೂರಿಕೊಂಡಿತು. 168 ಹಾದಿಗೆ ಚಾಚಿಕೊಂಡು, ಚಹಾ ಮಾರುವವರಿಂದ ಹಿಡಿದು ಟಿಕೆಟ್ ಪರೀಕ್ಷಕರವರೆಗೆ ಎಲ್ಲರಿಗೂ ಪರಿಚಯವಾಯಿತು.

ಗುಲ್ಮಾರ್ಗ್‌ನಲ್ಲಿ ಗೊಂಡೊಲಾದ (ಕೇಬಲ್ ಕಾರಿನ) ಮೊದಲ ಹಂತ ಕೊಂಗ್ಡೂರಿಗೆ ಒಯ್ಯುತ್ತದೆ, ಎರಡನೆಯದು ಅಫರ್ವತ್ ಶಿಖರದ ಹೆಗಲಿಗೆ, 3,900 ಮೀಟರಿಗೂ ಮೇಲೆ. ಕೊಂಗ್ಡೂರಿಯ ಆಸುಪಾಸು ಯಂತ್ರದಿಂದ ಹದಗೊಳಿಸಿದ ಇಳಿಜಾರಿದೆ, ಮೇಲಿನದೆಲ್ಲ ಬಿದ್ದ ಹಿಮ ಬಿದ್ದಂತೆಯೇ. ಗಿಡ್ಡ ಹಲಗೆ ಅಲ್ಲಿ ಮುಳುಗೀತೆಂಬ ಅಳುಕಿತ್ತು. ಎರಡನೆಯದು ಮುಳುಗಲಿಲ್ಲ. ಉದ್ದದಲ್ಲಿ ಕಳೆದುಕೊಂಡ ಕ್ಷೇತ್ರಫಲವನ್ನು ಅಗಲದಲ್ಲಿ ಗಳಿಸಿದೆ, ಮುಂಭಾಗ ಅಗಲವಾದ್ದರಿಂದ ಮೂತಿ ತಾನಾಗಿಯೇ ಮೇಲೇಳುತ್ತದೆ. ಕಡಿಮೆ ಸೈಡ್‌ಕಟ್ ಮೃದು ಹಿಮದಲ್ಲಿಯೂ ಉಪಕಾರಿ, ಹಲಗೆ ಅತ್ತಿತ್ತ ಸೆಳೆಯದೆ ತೇಲುತ್ತದೆ. ಹಲವರು ಓಡಾಡಿ ಕದಡಿದ ಮಧ್ಯಾಹ್ನದ ಹಿಮದಲ್ಲಿ ಮಾತ್ರ 168ರ ಶಾಂತಿ ಇದಕ್ಕಿಲ್ಲ. ಮೊಣಕಾಲುಗಳೇ ಕೆಲಸ ಮಾಡಬೇಕು.

ಹಾಗಾಗಿ ನನ್ನಲ್ಲಿ ಉಳಿದದ್ದು ಎರಡನೆಯದು. ಒಂದನೆಯದನ್ನು ಕಲಿಯುತ್ತಿರುವ ಸಂಬಂಧಿಯೊಬ್ಬನಿಗೆ ಕೊಟ್ಟೆ, ಅವನ ಕೈಯಲ್ಲಿ ಅದು ಸರಿಯಾದ ಹಲಗೆ. ಇನ್ನೂ ಅಂಚಿನ ಮೇಲೆ ನಿಲ್ಲಲು ಬಾರದವರಿಗೆ 10.5 ಮೀಟರ್ ಕೊಡುವುದು ಕ್ರೌರ್ಯ. ಗಾಳಿಯಲ್ಲಿ ಹಾರಿ ತಿರುಗುವ ಆಟ ಇಷ್ಟಪಡುವವರಿಗೂ ಬೇಡ. ನಡುವಿನ ದಾರಿ ಬೇಕೆಂದರೆ 8.5ರಿಂದ 9 ಮೀಟರಿನ ಹಲಗೆಗಳೂ ಸಿಗುತ್ತವೆ. 60 ಕಿಲೋದೊಳಗಿನವರು ಅಲ್ಲಿಂದ ಶುರುಮಾಡುವುದು ಒಳ್ಳೆಯದು, ಏಕೆಂದರೆ ಗಟ್ಟಿ ಹಲಗೆಯನ್ನು ಬಾಗಿಸಲು ತೂಕವೂ ಬೇಕು.

ಇನ್ನು ಊರಿನ ಪಾಡು. ಹಲಗೆಯ ಅಂಚು ಉಕ್ಕಿನದು, ನಮ್ಮದು ಕಡಲ ಬದಿಯ ಜಿಲ್ಲೆ, ಜೂನ್ ಬಂದರೆ ಗೋಡೆಯೂ ಬೆವರುತ್ತದೆ. ಒಂದನೆಯ ಹಲಗೆ ತುಸು ತುಕ್ಕನ್ನು ಸಹಿಸಿಕೊಂಡೀತು. ಅಂಚಿನ ಮೇಲೆಯೇ ಬದುಕುವ ಎರಡನೆಯದು ಸಹಿಸುವುದಿಲ್ಲ. ಮಳೆ ಹಿಡಿಯುವ ಮೊದಲು ಬೂಟನ್ನು ಹಲಗೆಗೆ ಬಿಗಿಯುವ ಬೈಂಡಿಂಗ್ ಬಿಚ್ಚಿ, ಅಂಚನ್ನು ಒಣಗಿಸಿ, ತಳಕ್ಕೂ ಅಂಚಿಗೂ ಮೇಣವನ್ನು ದಪ್ಪಗೆ ಕರಗಿಸಿ ಬಳಿದು, ಕೆರೆಯದೆ ಹಾಗೆಯೇ ಬಿಡುತ್ತೇನೆ. ಚೀಲದಲ್ಲಿ ಕಟ್ಟಿಡುವುದಿಲ್ಲ, ಒಳಗೆ ತೇವ ಕಟ್ಟುತ್ತದೆ. ಅಟ್ಟದ ಹಂಚಿನ ಬಿಸಿಯೂ ಆಗದು. ಒಳಕೋಣೆಯಲ್ಲಿ ನೆಲಕ್ಕೆ ತಾಗದಂತೆ ಅಡ್ಡ ಮಲಗಿಸಿದರೆ ಸರಿ. ನಮ್ಮ ಕಡೆ ಇದನ್ನು ಹರಿತ ಮಾಡಿಕೊಡುವವರಿಲ್ಲ, ಅರವನ್ನೂ ಕೋನ ಹಿಡಿಯುವ ಸಲಕರಣೆಯನ್ನೂ ಹಲಗೆಯೊಂದಿಗೇ ಕೊಳ್ಳಿ: ತಳದ ಕಡೆಗೆ 1 ಡಿಗ್ರಿ, ಬದಿಗೆ 2. ದುಬೈಯ ಗಟ್ಟಿ ಹಿಮಕ್ಕೆ ಮಾತ್ರ ಹೋಗುವವರು ಬದಿಗೆ 3 ಮಾಡಿಕೊಳ್ಳಬಹುದು.