ಹುಳ ಮನೆಗೆ ಡಿಎಸ್18ಬಿ20 ಟೆಂಪರೇಚರ್ ಪ್ರೋಬ್: ತಗೊಳ್ಳಿ, ಆದ್ರೆ ಇಷ್ಟು ತಿಳ್ಕೊಂಡು ಹಾಕಿ

ಮಳವಳ್ಳಿ ಕಡೆ ನಮ್ಮ ಭಾವನ ರೇಷ್ಮೆ ಹುಳ ಮನೆಗೆ ಈ ಪ್ರೋಬ್ ಹಾಕಿದೀವಿ, ಸ್ಟೀಲ್ ಕೊಳವೆ ಒಳಗೆ ಚಿಪ್ ಕೂರಿಸಿ ಮೂರು ವೈರ್ ಹೊರಗೆ ಬಿಟ್ಟಿರ್ತಾರಲ್ಲ, ಅದೇ. ಒಂದಷ್ಟು ಬೆಳೆ ಇದರಲ್ಲೇ ತೆಗೆದಾಯ್ತು. ಚೆನ್ನಾಗಿದೆ, ಧೈರ್ಯವಾಗಿ ತಗೊಳ್ಳಿ. ಆದ್ರೆ ಈ ಚಿಪ್ ಕಂಟ್ರೋಲರ್ (ನಂಬರ್ ಓದಿ ಹೀಟರ್, ಫ್ಯಾನ್ ನಡೆಸೋ ಬೋರ್ಡ್) ಜೊತೆ ಹೇಗೆ ಮಾತಾಡುತ್ತೆ ಅಂತ ತಿಳ್ಕೊಳ್ದೆ ಸ್ಕ್ರೀನಲ್ಲಿ ಬಂದ ನಂಬರ್ ನೋಡಿ ಹೀಟರ್, ಫ್ಯಾನ್ ಆಟೋಮ್ಯಾಟಿಕ್ ಬಿಡೋಕೆ ಮಾತ್ರ ಹೋಗ್ಬೇಡಿ. ಚಾಕಿಲಿ, ಅಂದ್ರೆ ಹುಳ ಮರಿ ಇರುವಾಗ, 26ರಿಂದ 28 ಡಿಗ್ರಿ ಬೇಕು, ದೊಡ್ಡ ಹುಳಕ್ಕೆ 24-25 ಸಾಕು, ಜ್ವರಕ್ಕೆ ಕೂತಾಗ (ಹುಳ ಮೇವು ಬಿಟ್ಟು ಪೊರೆ ಕಳಚುವಾಗ) ಏರುಪೇರಾದ್ರೆ ಎಲ್ಲಾ ಹುಳ ಒಂದೇ ಸಮ ಏಳಲ್ಲ, ಹಾಗಾಗಿ ಇಲ್ಲಿ ತಪ್ಪು ನಂಬರ್ ಅಂದ್ರೆ ಬೆಳೆಗೇ ಏಟು.

ಮೊದ್ಲು ಎಲ್‌ಎಂ75 ಅನ್ನೋ ಇನ್ನೊಂದು ಟೆಂಪರೇಚರ್ ಚಿಪ್ ಹಾಕೋಣ ಅಂತಿತ್ತು. ಅದೂ ಡಿಜಿಟಲ್ಲೇ, ಐ ಸ್ಕ್ವೇರ್ ಸಿ ಲೈನಲ್ಲಿ ಮಾತಾಡುತ್ತೆ, ಒಂದು ವೈರ್ ಕ್ಲಾಕ್‌ಗೆ (ತಾಳ ಹಾಕೋ ಸಿಗ್ನಲ್‌ಗೆ) ಒಂದು ಡೇಟಾಗೆ, ವಿಳಾಸದ ಪಿನ್ ಮೂರೇ ಇರೋದ್ರಿಂದ ಒಂದು ಬಸ್ (ಎಲ್ಲಾ ಚಿಪ್ಪೂ ಹಂಚ್ಕೊಳ್ಳೋ ವೈರ್ ಜೋಡಿ) ಮೇಲೆ 8 ಚಿಪ್ ತನಕ ಹಾಕ್ಬಹುದು. ಒಂದೇ ಬೋರ್ಡ್ ಮೇಲೆ ಪ್ರೋಸೆಸರ್ ಪಕ್ಕದಲ್ಲೇ ಕೂರೋದಾದ್ರೆ ಅದು ಬಹಳ ಸಲೀಸು. ಆದ್ರೆ ಹುಳ ಮನೆ ಉದ್ದಕ್ಕೂ ರ‍್ಯಾಕ್ ರ‍್ಯಾಕಿಗೆ ವೈರ್ ಎಳೀಬೇಕು ಅಂದ್ರೆ ಐ ಸ್ಕ್ವೇರ್ ಸಿಗೆ ಕಷ್ಟ, ಬಸ್ ಮೇಲೆ ಒಟ್ಟು 400 ಪಿಕೋಫ್ಯಾರಡ್ ಕೆಪಾಸಿಟೆನ್ಸ್ (ವೈರ್ ಚಾರ್ಜ್ ಹಿಡಿದಿಟ್ಕೊಳ್ಳೋ ಗುಣ) ದಾಟಬಾರದು ಅಂತ ಮಿತಿ ಇದೆ, ಉದ್ದ ಕೇಬಲ್ಲೇ ಅದನ್ನ ನುಂಗಿಬಿಡುತ್ತೆ.

ಡಿಎಸ್18ಬಿ20 ಮಾತಾಡೋದು ಒನ್ ವೈರ್ ಅನ್ನೋ ಪದ್ಧತಿಲಿ. ಡೇಟಾಗೆ ಒಂದೇ ವೈರ್, ಬೇರೆ ಕ್ಲಾಕ್ ಇಲ್ಲ, ಎಲ್ಲಾ ಟೈಮಿಂಗ್ ಮೇಲೇ ನಿಂತಿದೆ. ಆ ವೈರನ್ನ 4.7 ಕಿಲೋ ಓಮ್ ರೆಸಿಸ್ಟರ್ ಮೇಲಕ್ಕೆ, ಅಂದ್ರೆ ಪವರ್ ವೋಲ್ಟೇಜಿಗೆ, ಎಳೆದು ಹಿಡಿದಿರುತ್ತೆ, ಅದನ್ನ ಹಾಕ್ದೆ ಸೆನ್ಸರ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ತರೋರು ತುಂಬಾ ಜನ. ಕಂಟ್ರೋಲರ್ ಮೊದ್ಲು ಲೈನನ್ನ ಕನಿಷ್ಠ 480 ಮೈಕ್ರೋಸೆಕೆಂಡ್ ಹೊತ್ತು ಕೆಳಗೆ, ಅಂದ್ರೆ ಸೊನ್ನೆ ವೋಲ್ಟಿಗೆ, ಎಳೆದು ಹಿಡಿದು ಆಮೇಲೆ ಬಿಡುತ್ತೆ, ಆಮೇಲೆ ಚಿಪ್ ಸ್ವಲ್ಪ ಕಾದು ತಾನೇ ಲೈನ್ ಕೆಳಗೆಳೆದು ನಾನಿದೀನಿ ಅನ್ನುತ್ತೆ. ಪ್ರತಿ ಚಿಪ್‌ಗೂ ಫ್ಯಾಕ್ಟರಿಲೇ ಬರೆದ 64 ಬಿಟ್ ನಂಬರ್ ಇದೆ, ಸ್ಕೂಲಲ್ಲಿ ಹಾಜರಿ ಕೂಗಿದಂಗೆ ಆ ನಂಬರ್ ಕರೆದ್ರೆ ಅದೊಂದೇ ಉತ್ತರ ಕೊಡುತ್ತೆ, ಮಿಕ್ಕಿದ್ದು ಸುಮ್ನಿರ್ತವೆ, ಹಾಗಾಗಿ ಒಂದೇ ಪಿನ್ನಿಗೆ ಎಲ್ಲಾ ರ‍್ಯಾಕಿನ ಪ್ರೋಬೂ ಕಟ್ಬಹುದು. ವೈರ್ ಮಾತ್ರ ಒಂದೇ ಸಾಲಲ್ಲಿ ಎಳೀರಿ, ಮಧ್ಯದಿಂದ ನಾಲ್ಕು ದಿಕ್ಕಿಗೆ ಕವಲು ಹೊಡೆದ್ರೆ ಸಿಗ್ನಲ್ ಹೋಗಿ ತಿರುಗಿ ಬಂದು ಗೊಂದಲ ಆಗುತ್ತೆ.

ಅಳತೆ ಮಾಡು ಅಂತ ಕಮ್ಯಾಂಡ್ ಕೊಟ್ಟ ಮೇಲೆ 12 ಬಿಟ್ (ಅತಿ ಸೂಕ್ಷ್ಮ ಅಳತೆಯ) ಸೆಟ್ಟಿಂಗಲ್ಲಿ 750 ಮಿಲಿಸೆಕೆಂಡ್ ತನಕ ಟೈಮ್ ಬೇಕು ಅದಕ್ಕೆ, ಆಮೇಲೆ ಓದಿದ್ರೆ 9 ಬೈಟ್ ಕೊಡುತ್ತೆ. ಮೊದಲ ಎರಡು ಬೈಟ್ ಟೆಂಪರೇಚರ್, ಸೇರಿಸಿ 16ರಿಂದ ಭಾಗಿಸಿದ್ರೆ ಡಿಗ್ರಿ, ಅಂದ್ರೆ 432 ಬಂದ್ರೆ 27. ಕೊನೆ ಬೈಟ್ ಸಿಆರ್‌ಸಿ, ಮಿಕ್ಕ ಎಂಟು ಬೈಟ್ ದಾರೀಲಿ ಕೆಟ್ಟಿಲ್ಲ ಅಂತ ಲೆಕ್ಕ ಹಾಕಿ ನೋಡೋಕೆ. ನಂಗೆ ಈ ಚಿಪ್ ಮೇಲೆ ಗೌರವ ಬಂದಿದ್ದೇ ಈ ಬೈಟಿಂದ, ಎಲ್‌ಎಂ75 ಇಂಥದ್ದೇನೂ ಕಳಿಸಲ್ಲ.

ಈಗ ಮುಖ್ಯವಾದ್ದು. ಒಂದಿನ ಕರೆಂಟ್ ಹೋಗಿ ಬಂದಾಗ ಭಾವ ಫೋನ್ ಮಾಡಿ "ಲೋ, ಇದೇನೋ 85 ಡಿಗ್ರಿ ಅಂತ ತೋರಿಸ್ತಾ ಐತೆ" ಅಂದ್ರು. 85 ಅನ್ನೋದು ಈ ಚಿಪ್‌ಗೆ ಪವರ್ ಬಂದ ತಕ್ಷಣ ಒಳಗಿರೋ ನಂಬರ್, ಅಳತೆ ಮುಗಿಯೋಕೆ ಮುಂಚೆ ಓದಿದ್ರೆ, ಇಲ್ಲ ಮಧ್ಯದಲ್ಲಿ ಪವರ್ ಕಡಿದು ಬಂದ್ರೆ ಅದೇ ಬರುತ್ತೆ, ಸಿಆರ್‌ಸಿ ಕೂಡ ಸರಿಯಾಗೇ ಇರುತ್ತೆ. ಆರ್ಡುಯಿನೋ ಅನ್ನೋ ಚಿಕ್ಕ ಕಂಟ್ರೋಲರ್ ಬೋರ್ಡಿನ ಲೈಬ್ರರಿಲಿ (ರೆಡಿ ಪ್ರೋಗ್ರಾಮಲ್ಲಿ) ಮೈನಸ್ 127 ಬಂದ್ರೆ ಆ ಸೆನ್ಸರಿಂದ ಉತ್ತರ ಸಿಕ್ಕಿಲ್ಲ ಅಂತ ಅರ್ಥ, ವೈರ್ ನೋಡಿ. ಇನ್ನೊಂದಿದೆ, ಒಂಬತ್ತೂ ಬೈಟ್ ಸೊನ್ನೆ ಬಂದ್ರೆ ಸಿಆರ್‌ಸಿ ಲೆಕ್ಕವೂ ಸೊನ್ನೆನೇ ಬಂದು ಪಾಸ್ ಆಗಿಬಿಡುತ್ತೆ, ಸ್ಕ್ರೀನಲ್ಲಿ 0 ಡಿಗ್ರಿ ಅಂತ ಬರುತ್ತೆ, ಹೀಟರ್ ಆನ್ ಆಗಿ ಕೂತ್ಕೊಳ್ಳುತ್ತೆ! ಒಳ್ಳೆ ಚಿಪ್ಪಿಂದ ಎಲ್ಲಾ ಬೈಟೂ ಸೊನ್ನೆ ಬರೋಕೆ ಸಾಧ್ಯನೇ ಇಲ್ಲ. ಅದಕ್ಕೇ ಪ್ರೋಗ್ರಾಮಲ್ಲಿ ಈ ಮೂರನ್ನೂ ಕಡ್ಡಾಯ ತಳ್ಳಿಹಾಕಿ, ಒಳ್ಳೆ ರೀಡಿಂಗ್ ಸಿಗ್ಲಿಲ್ಲ ಅಂದ್ರೆ ಹೀಟರ್ ಆಫ್ ಆಗಿ ಅಲಾರಂ ಹೊಡೀಬೇಕು.

ಇನ್ನೊಂದು ಉಪಯೋಗ ನಂಗೆ ತುಂಬಾ ಹಿಡಿಸ್ತು. ಎರಡು ಪ್ರೋಬ್ ತಗೊಂಡು ಒಂದಕ್ಕೆ ಒದ್ದೆ ಕಾಟನ್ ಬಟ್ಟೆ ಸುತ್ತಿ ಬಟ್ಟೆ ತುದಿ ನೀರಲ್ಲಿ ಬಿಟ್ರೆ ಹುಳ ಮನೇಲಿ ನೇತು ಹಾಕ್ತಾರಲ್ಲ ಒಣ-ಒದ್ದೆ ಥರ್ಮಾಮೀಟರ್, ಅದೇ ಆಗುತ್ತೆ. ಒಣದು 25, ಒದ್ದೇದು 21 ಅಂದ್ರೆ ತೇವಾಂಶ ಸುಮಾರು 70 ಪರ್ಸೆಂಟ್, ದೊಡ್ಡ ಹುಳಕ್ಕೆ ಬೇಕಾಗಿರೋದೂ ಅಷ್ಟೇ. ಚಿಪ್ ಅಕ್ಯುರೆಸಿ ಪ್ಲಸ್ ಮೈನಸ್ ಅರ್ಧ ಡಿಗ್ರಿ, ಅದಕ್ಕೆ ಮೊದ್ಲು ಎರಡನ್ನೂ ಒಂದೇ ಲೋಟ ನೀರಲ್ಲಿ ಇಟ್ಟು ವ್ಯತ್ಯಾಸ ಬರ್ಕೊಳ್ಳಿ.

ಬೇಜಾರಿನ ವಿಷಯ ನಕಲಿ ಚಿಪ್ದು. ಅಸಲಿ ಡಾಲಸ್ ಕಂಪನಿದು, 2001ರಲ್ಲಿ ಮ್ಯಾಕ್ಸಿಮ್ ಕೈಗೆ, 2021ರಲ್ಲಿ ಅನಲಾಗ್ ಡಿವೈಸಸ್ ಕೈಗೆ ಹೋಯ್ತು, ಆದ್ರೆ ಕಡಿಮೆ ರೇಟಿನ ಪ್ರೋಬಲ್ಲಿ ಬೇರೆಯವರು ಮಾಡಿದ್ದೇ ಜಾಸ್ತಿ. ಡೇಟಾ ವೈರಿಂದಲೇ ಪವರ್ ಎಳೆಯೋ ಎರಡು ವೈರ್ ಪದ್ಧತಿ ಅವುಗಳಲ್ಲಿ ಎಷ್ಟೋ ಸಲ ಕೆಲಸಾನೇ ಮಾಡಲ್ಲ, ಮೂರೂ ವೈರ್ ಕೊಡಿ. ಕೊಂಡ ದಿನವೇ ಐಸ್ ಪುಡಿ ಮಾಡಿ ಸ್ವಲ್ಪ ನೀರು ಹಾಕಿ ಕಲಸಿ ಅದ್ರಲ್ಲಿ ಅದ್ದಿ, ಸೊನ್ನೆಯಿಂದ ಅರ್ಧ ಡಿಗ್ರಿಗಿಂತ ಜಾಸ್ತಿ ಆಚೀಚೆ ಇದ್ರೆ ಬದಲಾಯಿಸ್ಕೊಳ್ಳಿ. ಬೆಳೆ ಮುಗಿದು ಬ್ಲೀಚಿಂಗ್ ಸ್ಪ್ರೇ ಮಾಡುವಾಗ ಪ್ರೋಬೂ ಕಂಟ್ರೋಲರೂ ಬಿಚ್ಚಿ ಆಚೆ ಇಡಿ, ಕ್ಲೋರಿನ್ ಲೋಹವನ್ನ ತಿನ್ನುತ್ತೆ.