ತಾಡಪತ್ರಿ ಕಂಡರೆ ಬೆದರುವ ಕುದುರೆ: ಕಟ್ಟಿಹಾಕೋದಾ, ಕಣ್ಣಪಟ್ಟಿಯಾ, ಬೆಲ್ಲವಾ?

ನನ್ನ ಓಟು ಬೆಲ್ಲಕ್ಕೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ವಿಜಯಪುರದಲ್ಲಿ ಟಾಂಗಾ ಹೊಡೆಯುವ ಮನೆ ನಮ್ಮದು. ಹೋದ ವರ್ಷ ತಂದ ಹೆಣ್ಣು ಕುದುರೆ ಗೋಲ್ ಗುಂಬಜ್ ಮುಂದೆ ಬಸ್ಸಿಗೆ, ಹಾರ್ನಿಗೆ ಅಲುಗುತ್ತಿರಲಿಲ್ಲ. ಗಾಳಿಗೆ ಪಟಪಟ ಅನ್ನುವ ತಾಡಪತ್ರಿ ಕಂಡರೆ ಮಾತ್ರ ಮುಗಿಯಿತು. ಒಂದು ದಿನ ತರಕಾರಿ ಗಾಡಿಯ ತಾಡಪತ್ರಿ ಹಾರಿದ್ದೇ ತಡ, ಟಾಂಗಾ ಸಮೇತ ಅಡ್ಡ ತಿರುಗಿತು. ಒಳಗೆ ಇಬ್ಬರು ಮಕ್ಕಳಿದ್ದರು. ಯಾರಿಗೂ ಏನೂ ಆಗಲಿಲ್ಲ, ಆದರೆ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

'ಮರಕ್ಕೆ ಕಟ್ಟಿ ಮೈಮೇಲೆ ತಾಡಪತ್ರಿ ಬೀಸುತ್ತಾ ಇರು, ಸುಸ್ತಾಗಿ ನಿಲ್ಲುತ್ತದೆ' ಎಂದು ಹಿರಿಯರೊಬ್ಬರು ಹೇಳಿದರು. ಹಾಗೇ ಮಾಡಿದೆ. ಅರ್ಧ ಗಂಟೆಗೆ ನಿಂತಿತು, ನಿಜ. ಆದರೆ ಕುತ್ತಿಗೆಯೆಲ್ಲ ಬೆವರು, ಮೂಗಿನ ಹೊಳ್ಳೆ ಅರಳಿತ್ತು, ಕಣ್ಣಿನ ಬಿಳಿ ಕಾಣುತ್ತಿತ್ತು. ಮರುದಿನ ನನ್ನ ಕೈಯಲ್ಲಿ ಹಗ್ಗ ಕಂಡು ಮೂಲೆಗೆ ಸರಿಯಿತು. ಅದಕ್ಕೆ ಧೈರ್ಯ ಬಂದಿರಲಿಲ್ಲ, ಕೈಚೆಲ್ಲಿ ನಿಂತಿತ್ತು ಅಷ್ಟೇ.

ಕಣ್ಣಪಟ್ಟಿಗೆ 650 ರೂಪಾಯಿ ಕೊಟ್ಟೆ. ಪಕ್ಕದ್ದು ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ರಸ್ತೆಗೆ ಬೇಕು, ಭಯಕ್ಕೆ ಮದ್ದಲ್ಲ.

ಕೊನೆಗೆ ನಾನೇ 250 ರೂಪಾಯಿಯ ತಾಡಪತ್ರಿ ತಂದೆ. ಟವೆಲಿನಷ್ಟು ಮಡಚಿ ಇಪ್ಪತ್ತು ಅಡಿ ದೂರದಲ್ಲಿ ಹಿಡಿದೆ. ಹತ್ತಿರ ಹೋಗುತ್ತಾ ಕುದುರೆ ಕಿವಿ ನಿಮಿರಿಸಿದರೆ ನಾವು ಅಲ್ಲೇ ನಿಲ್ಲಬೇಕು. ತಲೆ ತಗ್ಗಿಸಿ ಬಾಯಿ ಆಡಿಸಿದ ಕೂಡಲೇ ತಾಡಪತ್ರಿ ಹಿಂದಕ್ಕೆ ಸರಿಸಿ, ಹುಣಸೆಬೀಜದಷ್ಟು ಬೆಲ್ಲ. ಮೊದಲ ನಾಲ್ಕು ದಿನ ನಾನು ಅದು ಜಿಗಿದಾಗಲೇ ಸರಿಸುತ್ತಿದ್ದೆ. ಜಿಗಿದರೆ ತಾಡಪತ್ರಿ ಹೋಗುತ್ತದೆ ಎಂದು ನಾನೇ ಕಲಿಸಿದಂತಾಯಿತು, ಅಲ್ವಾ?

ತುಂಬಾ ಕಾಡಿದ್ದು ಬಲಗಡೆ. ನಾವೆಲ್ಲ ಕುದುರೆಯನ್ನು ಎಡಗಡೆಯಿಂದಲೇ ಹಿಡಿದು ರೂಢಿ, ಈ ಪಾಠವೂ ಆ ಕಡೆಯಿಂದಲೇ ನಡೆದಿತ್ತು. ಹನ್ನೆರಡು ದಿನಕ್ಕೆ ತಾಡಪತ್ರಿ ಬೆನ್ನ ಮೇಲೆ ಹಾಸಿದರೂ ಸುಮ್ನೆ ಕಣಿಕೆ ತಿನ್ನುತ್ತಿತ್ತು. ಹದಿಮೂರನೇ ದಿನ ಅದೇ ತಾಡಪತ್ರಿ ಹಿಡಿದು ಬಲಗಡೆಯಿಂದ ಹೋದೆ. ಹುಟ್ಟಿದಾಗಿನಿಂದ ಕಂಡೇ ಇಲ್ಲದ ಹಾಗೆ ಹಗ್ಗ ಕಿತ್ತುಕೊಂಡು ಓಡಿತು.

ನನ್ನ ಕೈ ನಡುಗಿತು. ಎಲ್ಲ ನೀರುಪಾಲು ಅಂದುಕೊಂಡೆ. ಮತ್ತೆ ಮಡಚಿ, ಮತ್ತೆ ಇಪ್ಪತ್ತು ಅಡಿಯಿಂದ ಶುರು. ಈ ಸಲ ಐದೇ ದಿನ ಸಾಕಾಯಿತು. ಇನ್ನೊಂದು ಕುದುರೆ ತಂದರೆ ಮೊದಲ ದಿನದಿಂದಲೇ ಎರಡೂ ಕಡೆ ಮಾಡುತ್ತೇನೆ. ಆಮೇಲೆ ಆಷಾಢದ ಗಾಳಿಯಲ್ಲಿ ಬಯಲಿಗೆ ಒಯ್ದು ಬೇರೆಯದೇ ಪಾಠ.

ದಿನಕ್ಕೆ ಇಪ್ಪತ್ತು ನಿಮಿಷ, ಬೆಳಗಿನ ಬಾಡಿಗೆಗೆ ಮುಂಚೆ. ನನಗೆ ಇದು ಹೊಂದುತ್ತದೆ. ಮುಂದಿನ ವಾರವೇ ಮೆರವಣಿಗೆ ಇದೆ ಅನ್ನುವವರು ಬೇರೆ ಕುದುರೆ ಗೊತ್ತು ಮಾಡಿಕೊಳ್ಳಿ, ಇದನ್ನು ಅವಸರ ಮಾಡಬೇಡಿ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವ ರಾತ್ರಿ ನಾನು ಈಗಲೂ ಟಾಂಗಾ ಕಟ್ಟುವುದಿಲ್ಲ. ಅವತ್ತು ಲಾಯದಲ್ಲಿ ಅದರ ಪಕ್ಕದಲ್ಲೇ ಕೂತಿರುತ್ತೇನೆ.