ವ್ಯಾಕ್ಯೂಮ್ ಪಂಪ್ ತರದೆ ಎಸಿ ಹಾಕಲು ಬಂದವರನ್ನು ಗೇಟಿನಿಂದಲೇ ವಾಪಸ್ ಕಳಿಸಿ

ಕೊಡಗಿನ ಗೋಣಿಕೊಪ್ಪ ಹತ್ತಿರದ ಒಂದು ತೋಟದ ಮನೆ. ಒಂದೂವರೆ ಟನ್ನಿನ ಇನ್ವರ್ಟರ್ ಸ್ಪ್ಲಿಟ್ ಎಸಿ, ಆರ್-32 ಗ್ಯಾಸ್. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅಂಗಡಿಯವರು ಕಳಿಸಿದ ಇಬ್ಬರು ಮಧ್ಯಾಹ್ನ ಬಂದು ಸಂಜೆ ಕಾಫಿಯ ಹೊತ್ತಿಗೆ ಕೆಲಸ ಮುಗಿಸಿದರು. ಮುಂದಿನ ಮಾರ್ಚ್‌ಗೆ ತಂಪೇ ಇಲ್ಲ. ‘ಗ್ಯಾಸ್ ಖಾಲಿಯಾಗಿದೆ’ ಎಂದು ತುಂಬಿಸಿದರು. ಅದರ ಮುಂದಿನ ಬೇಸಿಗೆಗೂ ಅದೇ ಮಾತು, ಅದೇ ಬಿಲ್. ಮೂರನೇ ಬೇಸಿಗೆಗೆ ಕಂಪ್ರೆಸರ್ರೇ ಕೆಟ್ಟು ನಿಂತಿತು. ಬಿಚ್ಚಿದಾಗ ಎಣ್ಣೆ ಕಪ್ಪಾಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಇನ್‌ಡೋರ್ ಕಡೆಯ ದಪ್ಪ ಪೈಪಿನ ಫ್ಲೇರ್ (ನಟ್ ಕೂರಲೆಂದು ಕಹಳೆಯಂತೆ ಅರಳಿಸಿದ ತುದಿ) ಕೂದಲೆಳೆಯಷ್ಟು ಸೀಳಿತ್ತು. ಕಂಪ್ರೆಸರ್‌ಗೆ 10 ವರ್ಷದ ವಾರಂಟಿ ಇತ್ತು, ನಿಜ. ಗ್ಯಾಸ್, ಕೂಲಿ, ಸಾಗಾಟ ಅದರಲ್ಲಿ ಸೇರಿರಲಿಲ್ಲ.

ಎಸಿಯ ಗ್ಯಾಸ್ ಅಡುಗೆ ಸಿಲಿಂಡರಿನ ಗ್ಯಾಸ್ ಅಲ್ಲ, ಬಳಸಿದಷ್ಟೂ ಖರ್ಚಾಗಲು. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ವರ್ಷಾನುಗಟ್ಟಲೆ ಸುತ್ತುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರುವ ಜಾಗ ತೋರಿಸದೆ ತುಂಬಿಸಿ ಹೋಗುವವರಿಗೆ ದುಡ್ಡು ಕೊಡುವುದು ಗಾಳಿಗೆ ಕೊಟ್ಟ ಹಾಗೆ.

ಆದರೆ ಆ ಮನೆಯಲ್ಲಿ ಕಂಪ್ರೆಸರ್ ಸತ್ತದ್ದು ಸೋರಿಕೆಯೊಂದರಿಂದಲೇ ಅಲ್ಲ. ಹೊಸ ಎಸಿಯ ಗ್ಯಾಸ್ ಔಟ್‌ಡೋರ್ ಯೂನಿಟ್‌ನಲ್ಲೇ ತುಂಬಿ ಬರುತ್ತದೆ. ಪೈಪು ಮತ್ತು ಇನ್‌ಡೋರ್ ಕಾಯಿಲ್‌ನೊಳಗೆ ಇರುವುದು ಕೋಣೆಯ ಗಾಳಿ, ಮಳೆಗಾಲದಲ್ಲಾದರೆ ನೀರಾವಿ ತುಂಬಿದ ಗಾಳಿ. ಅದನ್ನು ವ್ಯಾಕ್ಯೂಮ್ ಪಂಪಿನಿಂದ ಎಳೆದು ಹಾಕಬೇಕು. ಆ ಇಬ್ಬರು ಮಾಡಿದ್ದು ‘ಪರ್ಜಿಂಗ್’: ಸಣ್ಣ ಪೈಪಿನ ವಾಲ್ವ್ ಚೂರು ತೆರೆದು, ದಪ್ಪ ಪೈಪಿನ ನಟ್ ಸಡಿಲಿಸಿ, ಗ್ಯಾಸಿನಿಂದಲೇ ಗಾಳಿಯನ್ನು ಹೊರತಳ್ಳುವುದು. ಹಳೆಯ ಆರ್-22 ಗ್ಯಾಸಿನ ಕಾಲದ ಅಭ್ಯಾಸ ಇದು. ಆಗಿನ ಮಿನರಲ್ ಎಣ್ಣೆ ಹೇಗೋ ತಡೆದುಕೊಳ್ಳುತ್ತಿತ್ತು. ಆರ್-32 ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವ ಪಾಲಿಯಾಲ್ ಎಸ್ಟರ್ ಎಣ್ಣೆ ನೀರನ್ನು ಹೀರಿಕೊಂಡು ಕ್ರಮೇಣ ಆಮ್ಲವಾಗುತ್ತದೆ, ಮೋಟರಿನ ವೈಂಡಿಂಗ್ ತಿನ್ನುತ್ತದೆ. ಮೊದಲ ದಿನ ತಂಪು ಚೆನ್ನಾಗಿಯೇ ಬರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಇನ್ನೊಂದು: ಆರ್-32 ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗ್ಯಾಸ್. ಸೌದೆ ಒಲೆ ಉರಿಯುವ ಮನೆಯೊಳಗೆ ಅದನ್ನು ಬಿಡುವುದು ಹುಡುಗಾಟವಲ್ಲ.

ಸರಿಯಾದ ಕ್ರಮ ಹೀಗೆ. ಪೈಪು ಜೋಡಿಸಿದ ಮೇಲೆ ಒಣ ನೈಟ್ರೋಜನ್ ತುಂಬಿ, ಕೈಪಿಡಿಯಲ್ಲಿ ಹೇಳಿದ ಒತ್ತಡಕ್ಕೆ (ಸಾಮಾನ್ಯವಾಗಿ 400 ಪಿಎಸ್‌ಐ ಮೇಲೆ) ಏರಿಸಿ, ಎಲ್ಲಾ ನಟ್‌ಗಳಿಗೆ ಸೋಪಿನ ನೀರು ಹಚ್ಚಿ ನೋಡಬೇಕು. ಆಮೇಲೆ ವ್ಯಾಕ್ಯೂಮ್ ಪಂಪ್. 500 ಮೈಕ್ರಾನ್‌ಗಿಂತ (ಒಳಗೆ ಉಳಿದ ಒತ್ತಡದ ಅಳತೆ) ಕೆಳಗಿಳಿಸಿ, ಪಂಪ್ ಮುಚ್ಚಿ, ಹತ್ತು ನಿಮಿಷ ಕಾಯಬೇಕು. ಮೀಟರ್ ಸ್ವಲ್ಪ ಏರಿ ನಿಂತರೆ ಒಳಗೆ ನೀರಿದೆ; ನಿಲ್ಲದೆ ಏರುತ್ತಲೇ ಹೋದರೆ ಸೋರಿಕೆ ಇದೆ.

ಬೆಟ್ಟದ ಮೇಲಿನವರು ಇಲ್ಲಿ ಇನ್ನೂ ಒಂದು ವಿಷಯ ಗಮನಿಸಬೇಕು. ಮುಳ್ಳಿನ ಗೇಜ್ ಹೊರಗಿನ ಗಾಳಿಯ ಒತ್ತಡಕ್ಕೆ ಹೋಲಿಸಿ ಅಳೆಯುತ್ತದೆ. ಸಮುದ್ರಮಟ್ಟದಲ್ಲಿ ಪೂರ್ತಿ ವ್ಯಾಕ್ಯೂಮ್ ಎಂದರೆ ಸುಮಾರು 30 ಇಂಚು (ಪಾದರಸದ ಲೆಕ್ಕ). ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಎಷ್ಟು ಒಳ್ಳೆಯ ಪಂಪ್ ತಂದರೂ ಮುಳ್ಳು 26ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಕುಶಾಲನಗರದಲ್ಲಿ 27ರ ಹತ್ತಿರ. ಕೆಳಗಿನ ಊರಿಂದ ಬಂದವರು ಪಂಪಿಗೆ ಬೈಯುತ್ತಾರೆ, ಇಲ್ಲವೇ ‘ಇಷ್ಟು ಸಾಕು’ ಎಂದು ಬಿಡುತ್ತಾರೆ. ನಿಜವಾದ ತೊಂದರೆ ಬೇರೆ: 20 ಡಿಗ್ರಿಯಲ್ಲಿ ಪೈಪಿನೊಳಗಿನ ನೀರು ಕುದಿದು ಆವಿಯಾಗಲು ಶುರುವಾಗುವುದೇ ಸುಮಾರು 17,500 ಮೈಕ್ರಾನ್‌ನಲ್ಲಿ, ನಮಗೆ ಬೇಕಾದದ್ದು 500. ಇವೆರಡರ ನಡುವಿನ ಅಂತರ ಮುಳ್ಳಿನ ಗೇಜ್‌ನಲ್ಲಿ ಒಂದು ಇಂಚೂ ಇಲ್ಲ. ಆದ್ದರಿಂದ ಡಿಜಿಟಲ್ ಮೈಕ್ರಾನ್ ಗೇಜ್ ಇಲ್ಲದೆ ನಂಬಬೇಡಿ. ಕಕ್ಕಡದ (ಜುಲೈ–ಆಗಸ್ಟ್ ಮಳೆ ತಿಂಗಳು) ಚಳಿಯಲ್ಲಿ ನೀರು ನಿಧಾನವಾಗಿ ಆವಿಯಾಗುವುದರಿಂದ ಪಂಪ್ ಅರ್ಧ ಗಂಟೆಗೂ ಹೆಚ್ಚು ಓಡಲಿ. ಸಾಧ್ಯವಾದರೆ ಜನವರಿ–ಫೆಬ್ರವರಿಯ ಒಣ ದಿನಗಳಲ್ಲೇ ಕೆಲಸ ಮಾಡಿಸಿ. ಮಳೆಯಲ್ಲೇ ಆಗಬೇಕೆಂದರೆ, ಪೈಪಿನ ಎರಡೂ ತುದಿಗೆ ಕ್ಯಾಪ್ ಅಥವಾ ಟೇಪ್ ಸುತ್ತದೆ ಗೋಡೆಯ ತೂತಿನಲ್ಲಿ ತೂರಿಸಲು ಬಿಡಬೇಡಿ.

ಫ್ಲೇರ್ ಸೀಳಿದ್ದೇಕೆ? ಪೈಪು ತೆಳು, ನಟ್ ಬಿಗಿ ಅತಿ. ಡಬ್ಬಿಯ ಜೊತೆ ಬರುವುದು ಸಾಮಾನ್ಯವಾಗಿ 3 ಮೀಟರ್ ತಾಮ್ರದ ಪೈಪು. ಮಿಕ್ಕದ್ದನ್ನು ಅವರು ತರುತ್ತಾರೆ, ಮೀಟರ್ ಲೆಕ್ಕದಲ್ಲಿ ದುಡ್ಡು ಪಡೆಯುತ್ತಾರೆ. ತಾಮ್ರದ ತಗಡಿನ ದಪ್ಪ 0.8 ಮಿ.ಮೀ. ಇರಲಿ, ವರ್ನಿಯರ್ ಇಟ್ಟು ಅಳೆಯಿರಿ. ಕಾಲಿಂಚಿನ ನಟ್‌ಗೆ 14ರಿಂದ 18 ನ್ಯೂಟನ್ ಮೀಟರ್, ಅರ್ಧ ಇಂಚಿನದಕ್ಕೆ 49ರಿಂದ 61. ಬಿಗಿ ಅಳೆಯುವ ಟಾರ್ಕ್ ಸ್ಪ್ಯಾನರ್ ಇಲ್ಲದೆ ಉದ್ದ ಸ್ಪ್ಯಾನರಿಗೆ ಮೈಭಾರ ಹಾಕುವವರ ಕೈಯಲ್ಲಿ ಸೀಳದಿದ್ದರೆ ಆಶ್ಚರ್ಯ. ಎರಡೂ ಪೈಪಿಗೆ ಬೇರೆ ಬೇರೆ ಫೋಮ್ ಬೇಕು. ಒಂದಕ್ಕೇ ಹಾಕಿ ಎರಡನ್ನೂ ಕಟ್ಟಿದರೆ ಗೋಡೆಯುದ್ದಕ್ಕೂ ನೀರು ತೊಟ್ಟಿಕ್ಕುತ್ತದೆ.

ಹಳೆಯ ಮಣ್ಣಿನ ಗೋಡೆಗೆ ಔಟ್‌ಡೋರ್ ನೇತುಹಾಕಿಸಬೇಡಿ. ಸುಮಾರು 30 ಕಿಲೋ ಭಾರ, ಜೊತೆಗೆ ಅದುರುವಿಕೆ. ಆಂಕರ್ ಬೋಲ್ಟ್ ಕಿತ್ತು ಬರುತ್ತದೆ. ನೆಲದಲ್ಲೇ ಕಾಂಕ್ರೀಟ್ ಕಟ್ಟೆ ಮಾಡಿ ಕೂರಿಸಿ. ಮಳೆ ಬಡಿಯುವ ಪಶ್ಚಿಮ, ನೈಋತ್ಯ ದಿಕ್ಕು ಬಿಟ್ಟು ಬೇರೆ ಕಡೆ ಜಾಗ ನೋಡಿ. ಗೋಡೆಯ ತೂತು ಹೊರಕ್ಕೆ ಇಳಿಜಾರಾಗಿರಬೇಕು. ಒಳಕ್ಕೆ ಇಳಿಜಾರಾದರೆ ಗಾಳಿಮಳೆಯ ನೀರು ಮಂಚಕ್ಕೇ ಬರುತ್ತದೆ. ಡ್ರೈನ್ ಪೈಪಿನ ತುದಿಗೆ ಬಲೆ ಕಟ್ಟಿ, ಇಲ್ಲದಿದ್ದರೆ ಇರುವೆ, ಕಣಜ ಗೂಡು ಮಾಡುತ್ತವೆ. ಮಂಗಳೂರು ಹೆಂಚಿನ ಕೆಳಗೆ ಮುಚ್ಚಿಗೆ ಇಲ್ಲದ ಕೋಣೆಯಾದರೆ ಎಸಿಯ ಆಸೆಯನ್ನೇ ಬಿಡುವುದು ಒಳ್ಳೆಯದು.

ಕರೆಂಟಿನ ಮಾತು. ಎಸಿಗೆ ಪ್ರತ್ಯೇಕವಾಗಿ 4 ಚದರ ಮಿ.ಮೀ. ತಾಮ್ರದ ವೈರ್, 20 ಆಂಪಿಯರ್ ಎಂಸಿಬಿ. ‘ಸ್ಟೆಬಿಲೈಸರ್ ಬೇಡ’ ಎಂದು ಬರೆದಿದ್ದರೆ, ಅಲ್ಲೇ ಬರೆದ ವೋಲ್ಟೇಜ್ ಮಿತಿಯೊಳಗೆ ಬೇಡ ಎಂದಷ್ಟೇ. ಲೈನಿನ ಕೊನೆಯ ತೋಟದ ಮನೆಗಳಲ್ಲಿ ಪಂಪ್‌ಸೆಟ್ ಓಡುವ ಹೊತ್ತಿಗೆ ಮೀಟರ್ ಇಟ್ಟು ನೋಡಿ ನಿರ್ಧರಿಸಿ. ಹೂಮಳೆಯ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಜೊತೆ ಬರುವ ಗುಡುಗು ಸಿಡಿಲಿಗೆ ಸ್ಟೆಬಿಲೈಸರ್ ಉತ್ತರವಲ್ಲ. ಅದಕ್ಕೆ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್, ನೆಟ್ಟಗಿನ ಅರ್ತಿಂಗ್ ಬೇಕು. ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ 5 ವೋಲ್ಟ್ ಮೀರಿ ತೋರಿಸಿದರೆ ಮೊದಲು ಅದನ್ನು ಸರಿಮಾಡಿಸಿ.

ಮಳೆಗಾಲದ ಬೂಷ್ಟು ಹೋಗಲಿ ಎಂದು ಎಸಿ ಕೊಳ್ಳುವವರೂ ಇದ್ದಾರೆ. ಜುಲೈನಲ್ಲಿ ಕೋಣೆಯೇ 20 ಡಿಗ್ರಿ ಇರುವಾಗ ಕಂಪ್ರೆಸರ್ ಹೆಚ್ಚು ಹೊತ್ತು ಓಡುವುದಿಲ್ಲ, ತೇವವೂ ಹೋಗುವುದಿಲ್ಲ. ಅದಕ್ಕೆ ಡೀಹ್ಯೂಮಿಡಿಫೈಯರ್ ತನ್ನಿ, ಖರ್ಚೂ ಕಡಿಮೆ.

ಈಗಾಗಲೇ ಎಸಿ ಹಾಕಿಸಿ ‘ಗ್ಯಾಸ್ ಖಾಲಿ’ ಎನಿಸಿಕೊಂಡವರು ಮೊದಲು ಫ್ಲೇರ್ ನಟ್‌ಗಳ ಬಳಿ ಎಣ್ಣೆಯ ಜಿಡ್ಡು ಇದೆಯೇ ನೋಡಿ. ಸೋರಿಕೆ ಇದ್ದರೆ ಹೆಚ್ಚಾಗಿ ಅಲ್ಲೇ. ಸರಿಪಡಿಸಿದ ಮೇಲೆ ಉಳಿದ ಗ್ಯಾಸ್ ಪೂರ್ತಿ ತೆಗೆಸಿ, ವ್ಯಾಕ್ಯೂಮ್ ಮಾಡಿಸಿ, ಔಟ್‌ಡೋರ್ ಪಟ್ಟಿಯ ಮೇಲೆ ಬರೆದಷ್ಟೇ ಗ್ರಾಂ ತಕ್ಕಡಿಯಲ್ಲಿ ತೂಗಿ ಹಾಕಿಸಿ. ಇನ್ವರ್ಟರ್ ಕಂಪ್ರೆಸರಿನ ವೇಗ ಏರಿಳಿಯುತ್ತಲೇ ಇರುವುದರಿಂದ ಬರೀ ಒತ್ತಡ ನೋಡಿ ತುಂಬಿದರೆ ಲೆಕ್ಕ ತಪ್ಪುತ್ತದೆ. ಎಷ್ಟು ಗ್ರಾಂ, ಎಷ್ಟು ಮೈಕ್ರಾನ್, ಎಷ್ಟು ಮೀಟರ್ ಪೈಪು ಎಂದು ಬಿಲ್ಲಿನ ಮೇಲೆ ಬರೆಸಿ, ಮೀಟರಿನ ಫೋಟೋ ತೆಗೆದುಕೊಂಡ ಮೇಲೆಯೇ ದುಡ್ಡು ಕೊಡಿ.